ಮಾತಿನ ಊರು, ಗಾದೆಯ ಕಸುಬು

ಎದುರಿಗಿದ್ದವರ ಕನ್ನಡ ಯಾವ ಕಡೆಯದು ಅಂತ ತಿಳಿಯಬೇಕಿದ್ದರೆ ಕ್ರಿಯಾಪದದ ಕೊನೆಗೆ ಕಿವಿಗೊಡಿ. ಬೆಂಗಳೂರಿಗೆ ಬಂದವರು ‘ಉಳ್ಳಾಗಡ್ಡಿ’ ಬಿಟ್ಟು ‘ಈರುಳ್ಳಿ’ ಅನ್ನೋದನ್ನ ಬೇಗ ರೂಢಿಸಿಕೊಳ್ಳುತ್ತಾರೆ, ತರಕಾರಿ ಅಂಗಡಿಯವರಿಗೆ ತಿಳಿಯಬೇಕಲ್ಲ. ಆದರೆ ‘ಮಾಡಾಕತ್ತೀನಿ’ ಅಷ್ಟು ಸುಲಭಕ್ಕೆ ‘ಮಾಡ್ತಾ ಇದೀನಿ’ ಆಗೋದಿಲ್ಲ. ಧಾರವಾಡದ ಕಡೆಯ ಆ ರೂಪದೊಳಗೆ ‘ಹತ್ತು’ ಕೂತಿದೆ: ಮಾಡಲಿಕ್ಕೆ ಹತ್ತಿದ್ದೀನಿ. ಹಳೆ ಮೈಸೂರಿನವರು ಅದೇ ಕೆಲಸಕ್ಕೆ ‘ಇರು’ ಬಳಸುತ್ತಾರೆ. ಮಂಗಳೂರಿನವರಂತೂ ‘ಮಾಡ್ತಾ ಇದ್ದೇನೆ’ ಅಂತ ಬರಹದ ‘ಏನೆ’ಯನ್ನು ಬಾಯಲ್ಲೂ ಉಳಿಸಿಕೊಂಡಿದ್ದಾರೆ.

ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿ ಪರಿಷೆಯಲ್ಲಿ ರಾಶಿ ಬೀಳೋದು ಇಲ್ಲಿನವರಿಗೆ ಕಡಲೆಕಾಯಿ, ಉತ್ತರದವರಿಗೆ ಶೇಂಗಾ, ಕರಾವಳಿಯವರಿಗೆ ನೆಲಗಡಲೆ. ಇದರಿಂದ ತೊಂದರೆಯಿಲ್ಲ, ಕೈ ತೋರಿಸಿದರೆ ಮುಗೀತು. ಎಡವಟ್ಟಾಗೋದು ಒಂದೇ ಪದ ಎರಡು ಕಡೆ ಎರಡು ವಸ್ತುವಾದಾಗ. ಹುಬ್ಬಳ್ಳಿ ಕಡೆ ಚುರುಮುರಿ ಅಂದರೆ ಬರೀ ಮಂಡಕ್ಕಿ. ಬೆಂಗಳೂರಿನ ಗಾಡಿಯಲ್ಲಿ ಚುರುಮುರಿ ಕೇಳಿದರೆ ಈರುಳ್ಳಿ, ಕ್ಯಾರೆಟ್ ತುರಿ, ಖಾರ, ನಿಂಬೆಹುಳಿ ಕಲಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಒಣ ಮಂಡಕ್ಕಿ ಬೇಕಾದವರು ಇಲ್ಲಿ ‘ಕಡಲೆಪುರಿ’ ಅನ್ನಬೇಕು. ‘ಏನ್ರೀ’ ಇನ್ನೂ ಸೂಕ್ಷ್ಮ: ಧಾರವಾಡದಲ್ಲಿ ಅದು ಮರ್ಯಾದೆ, ಬೆಂಗಳೂರಿನ ಬಸ್ಸಿನಲ್ಲಿ ಅಪರಿಚಿತರಿಗೆ ಅಂದರೆ ಜಗಳಕ್ಕೆ ಬಂದ ಹಾಗೆ ಕೇಳಿಸಬಹುದು.

ಇನ್ನು ಗಾದೆ, ನುಡಿಗಟ್ಟುಗಳ ಮೂಲ. ಯಾವುದೋ ರಾಜನ ಕಥೆ ಅಂಟಿಸಿಕೊಂಡು ಬಂದ ವಿವರಣೆಯನ್ನು ಸುಮ್ಮನೆ ನಂಬಬೇಡಿ. ಆ ಕಥೆಯನ್ನು ಪಕ್ಕಕ್ಕಿಟ್ಟು, ಈ ಮಾತು ಯಾವ ಕಸುಬಿನದು, ಅದರಲ್ಲಿರುವ ಸಲಕರಣೆ ಯಾವುದು ಅಂತ ನೋಡಿ. ಬಹಳ ಸಲ ಅಷ್ಟೇ ಸಾಕಾಗುತ್ತೆ.

‘ಹಾಸುಹೊಕ್ಕು’ ತಗೊಳ್ಳಿ. ಕಬ್ಬನ್‌ಪೇಟೆಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಅಡ್ಡಡ್ಡ ಓಡಿ ತುಂಬುವ ಎಳೆ ಹೊಕ್ಕು. ಎರಡರಲ್ಲಿ ಒಂದನ್ನು ಎಳೆದು ತೆಗೆದರೆ ಬಟ್ಟೆಯೇ ಉಳಿಯೋದಿಲ್ಲ. ಹಾಗಾಗಿ ಬೇರ್ಪಡಿಸಲು ಬಾರದಷ್ಟು ಬೆರೆತದ್ದಕ್ಕೇ ಈ ಮಾತು ಒಪ್ಪುತ್ತದೆ. ‘ಊರೆಲ್ಲಾ ಜ್ವರ ಹಾಸುಹೊಕ್ಕಾಗಿದೆ’ ಅಂತ ಬರೆದರೆ ತಪ್ಪು, ಅಲ್ಲಿ ‘ಹಬ್ಬಿದೆ’ ಸಾಕು.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಕಾಯಿಲೆ ಬಿದ್ದ ದನಕ್ಕೆ ಕಾದ ಕಬ್ಬಿಣದಿಂದ ಬರೆ ಎಳೆಯೋದು ಹಳ್ಳಿಯ ಚಿಕಿತ್ಸೆಯಾಗಿತ್ತು. ಅದು ಗೊತ್ತಿಲ್ಲದವರು ಬರೆಯನ್ನು ಶಿಕ್ಷೆ ಅಂದುಕೊಳ್ಳುತ್ತಾರೆ, ಆಗ ಗಾದೆ ಅರ್ಧ ಸತ್ತಂತೆ. ಇಲ್ಲಿ ಹೇಳುತ್ತಿರೋದು ರೋಗಿ ಒಬ್ಬ, ಮದ್ದು ಇನ್ನೊಬ್ಬನಿಗೆ ಅನ್ನೋ ಮಾತು.

‘ಹದಿನಾರಾಣೆ ಸತ್ಯ’ದ ಲೆಕ್ಕ ಸರಳ: ರೂಪಾಯಿಗೆ 16 ಆಣೆ, ಅಂದರೆ ಒಂದಾಣೆಯೂ ಸುಳ್ಳಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆ ಆಯಿತು. ಆಮೇಲೂ 25 ಪೈಸೆಯನ್ನು ಜನ ನಾಲ್ಕಾಣೆ ಅಂತಲೇ ಕರೆದರು, 2011ರಲ್ಲಿ ಆ ನಾಣ್ಯದ ಚಲಾವಣೆಯೇ ನಿಂತಿತು. ‘ನೂರು ಪೈಸೆ ಸತ್ಯ’ ಅಂತ ಮಾತ್ರ ಯಾರೂ ಅನ್ನಲಿಲ್ಲ.