ಬಾಣ ಎಳೆಯುವ ಮುಂಚೆ ‘ಯಾರು?’ ಅಂತ ಕೇಳಿ

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕ. ಮಗಳು ಈ ವರ್ಷ ಹೈಸ್ಕೂಲಿನಲ್ಲಿ ಫಿಸಿಕ್ಸ್ ತೆಗೆದುಕೊಂಡಿದ್ದಾಳೆ. ಬಲದ ಪಾಠವನ್ನು ಇಲ್ಲಿ ಹೇಳಿಕೊಡುವ ರೀತಿ ನೋಡಿದ ಮೇಲೆ, ಊರಲ್ಲಿ ಪಿಯುಸಿ ಓದುವ ಮಕ್ಕಳಿರುವವರಿಗೆ ಇದನ್ನು ಹೇಳಲೇಬೇಕು ಅನಿಸಿತು.

ಇಲ್ಲಿ ಸೂತ್ರ ಮೊದಲು ಬರುವುದಿಲ್ಲ. ಮೊದಲು ಬರುವುದು ಒಂದು ಚುಕ್ಕೆ. ಮೂರ್ನಾಲ್ಕು ಮಕ್ಕಳ ಗುಂಪಿಗೆ ಒಂದು ದೊಡ್ಡ ವೈಟ್‌ಬೋರ್ಡ್ ಕೊಡುತ್ತಾರೆ. ಮೇಜಿನ ಮೇಲೆ ಪುಸ್ತಕ ಇದೆ ಅಂದುಕೊಳ್ಳಿ. ಪುಸ್ತಕವೇ ಆ ಚುಕ್ಕೆ. ಉಳಿದದ್ದೆಲ್ಲ ಚಿತ್ರದಿಂದ ಹೊರಗೆ. ಪುಸ್ತಕದ ಮೇಲಿನ ಒಂದೊಂದು ಬಲಕ್ಕೂ ಚುಕ್ಕೆಯಿಂದ ಹೊರಡುವ ಒಂದೊಂದು ಬಾಣ. ಪಕ್ಕದಲ್ಲಿ ಹೆಸರು: ‘ಭೂಮಿ, ಪುಸ್ತಕದ ಮೇಲೆ’, ‘ಮೇಜು, ಪುಸ್ತಕದ ಮೇಲೆ’. ಬಲ ಹಾಕುತ್ತಿರುವುದು ಯಾರು ಅಂತ ಹೇಳಲಾಗದಿದ್ದರೆ ಆ ಬಾಣ ಅಳಿಸಬೇಕು.

ಈ ಒಂದೇ ನಿಯಮ ಎಷ್ಟು ಗೊಂದಲ ಬಿಡಿಸುತ್ತದೆ ನೋಡಿ. ಮೇಲಕ್ಕೆ ಎಸೆದ ಚೆಂಡು ಇನ್ನೂ ಏರುತ್ತಿದೆ. ತುಂಬಾ ಮಕ್ಕಳು ಮೇಲ್ಮುಖವಾಗಿ ಒಂದು ಬಾಣ ಎಳೆದೇಬಿಡುತ್ತಾರೆ. ತಳ್ಳುತ್ತಿರುವುದು ಯಾರು? ಕೈ ಆಗಲೇ ಬಿಟ್ಟಾಗಿದೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಉಳಿಯುವುದು ಭೂಮಿ ಒಂದೇ, ಅದರ ಬಾಣ ಕೆಳಕ್ಕೆ. ಮೇಲಕ್ಕಿರುವುದು ಚೆಂಡಿನ ವೇಗ, ಬಲ ಅಲ್ಲ.

ಮೇಜು ಪುಸ್ತಕವನ್ನು ತಳ್ಳುತ್ತದೆ ಅಂದರೆ ನಂಬುವುದು ಇನ್ನೂ ಕಷ್ಟ, ಅಲ್ವಾ? ಅದು ಸುಮ್ನೆ ನಿಂತಿರುತ್ತದೆ. ಅದಕ್ಕೊಂದು ಚೆಂದದ ಪ್ರಯೋಗವಿದೆ. ಮೇಜಿನ ಮೇಲೆ ಕನ್ನಡಿ ಇಟ್ಟು, ಲೇಸರ್ ಬೆಳಕು ಅದಕ್ಕೆ ತಾಗಿ ದೂರದ ಗೋಡೆಗೆ ಬೀಳುವಂತೆ ಮಾಡುತ್ತಾರೆ. ಕನ್ನಡಿಯ ಪಕ್ಕ ಮೇಜನ್ನು ಜೋರಾಗಿ ಒತ್ತಿದರೆ ಗೋಡೆಯ ಮೇಲಿನ ಬೆಳಕು ಸರಿಯುತ್ತದೆ. ಮೇಜು ಕಣ್ಣಿಗೆ ಕಾಣದಷ್ಟು ಬಗ್ಗಿದೆ, ಬಗ್ಗಿದ್ದಕ್ಕೇ ವಾಪಸ್ ತಳ್ಳುತ್ತಿದೆ. 2 ಕಿಲೋ ಪುಸ್ತಕವಾದರೆ 19.6 ನ್ಯೂಟನ್ ಬಲದಿಂದ.

ಮಾಡೆಲಿಂಗ್ ಇನ್‌ಸ್ಟ್ರಕ್ಷನ್ ಅನ್ನುವ ಈ ಪದ್ಧತಿ ಬೆಳೆದದ್ದು ಇಲ್ಲೇ, ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಅದನ್ನು ಬೆಳೆಸಿದವರಲ್ಲಿ ಡೇವಿಡ್ ಹೆಸ್ಟೆನೆಸ್ ಆಗ ಅಲ್ಲಿನ ಪ್ರೊಫೆಸರ್, ಮಾಲ್ಕಮ್ ವೆಲ್ಸ್ ಹೈಸ್ಕೂಲ್ ಮೇಷ್ಟ್ರು. 1992ರಲ್ಲಿ ಗ್ರೆಗ್ ಸ್ವಾಕ್‌ಹ್ಯಾಮರ್ ಜೊತೆ ಸೇರಿ ಇವರು ‘ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ’ ಅನ್ನುವ ಪ್ರಶ್ನೆಪತ್ರಿಕೆ ಪ್ರಕಟಿಸಿದರು. ಅದರಲ್ಲಿ ಕೂಡಿ ಕಳೆಯುವ ಲೆಕ್ಕವೇ ಇಲ್ಲ. ಆದರೂ ಸೂತ್ರ ಹಾಕಿ ಉತ್ತರ ತೆಗೆಯುವುದರಲ್ಲಿ ಜಾಣರಾದವರೂ ಎಷ್ಟೋ ಸಲ ಅಲ್ಲಿ ಎಡವುತ್ತಾರೆ.

ನಮ್ಮ ಪಿಯುಸಿ ಪುಸ್ತಕದಲ್ಲೂ ಇಂಥ ಬಾಣದ ಚಿತ್ರಗಳಿವೆ. ಲೆಕ್ಕ ಮುಗಿಸುವ ಅವಸರದಲ್ಲಿ ಅವನ್ನು ಹಾರಿಸಿಬಿಡಬೇಡಿ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಮಕ್ಕಳ ಜೊತೆ ಅದನ್ನು ಲಿಫ್ಟ್‌ಗೆ ಒಯ್ಯಿರಿ. 60 ಕಿಲೋ ಇರುವವರು ಹತ್ತಿ ನಿಂತಾಗ, ಲಿಫ್ಟ್ ಮೇಲಕ್ಕೆ ಹೊರಡುವ ಗಳಿಗೆಯಲ್ಲಿ ಅದರ ವೇಗ ಪ್ರತಿ ಸೆಕೆಂಡಿಗೂ 1 ಮೀಟರ್/ಸೆಕೆಂಡಿನಷ್ಟು ಹೆಚ್ಚುತ್ತಿದ್ದರೆ ಯಂತ್ರ ಸುಮಾರು 66 ಕಿಲೋ ತೋರಿಸುತ್ತದೆ. ಆಮೇಲೆ ಚುಕ್ಕೆ ಇಟ್ಟು ಎರಡು ಬಾಣ ಎಳೆಯಲು ಹೇಳಿ. ಭೂಮಿಯ ಬಾಣ ಇದ್ದಷ್ಟೇ ಇದೆ. ಉದ್ದವಾಗಿರುವುದು ಯಂತ್ರದ್ದು.