ಗಾಳಿ ನಿಂತ ಮೇಲೆ ಹಾರುವ ವಿಮಾನಗಳು: ಓಲ್ಡ್ ವಾರ್ಡನ್ ಏರ್ ಶೋಗೆ ಹೊರಟವರಿಗೆ

ಇಂಗ್ಲೆಂಡಿನಲ್ಲಿ ಹಳೆಯ ವಿಮಾನಗಳು ಹಾರುವುದನ್ನು ನೋಡಬೇಕು ಅನ್ನುವವರಿಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಸಾಧ್ಯವಾದರೆ ಸಂಜೆಯ ಶೋಗೆ ಟಿಕೆಟ್ ತೆಗೆದುಕೊಳ್ಳಿ. ಕೊನೆಯ ವಿಮಾನ ಇಳಿಯುವವರೆಗೂ ಜಾಗ ಬಿಟ್ಟು ಏಳಬೇಡಿ.

ಓಲ್ಡ್ ವಾರ್ಡನ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹಗಲಿನ ಶೋ. ಬೆಳಗ್ಗೆಯಿಂದಲೂ ಗಾಳಿ ಬೀಸುತ್ತಿತ್ತು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಹಾರಿತು, ಹರಿಕೇನ್ ಹಾರಿತು. ಆದರೆ ನಾನು ನೋಡಬೇಕು ಅಂತ ಹೋಗಿದ್ದ 1912ರ ವಿಮಾನ ಆ ಗಾಳಿಯ ದೆಸೆಯಿಂದ ಹ್ಯಾಂಗರಿನಿಂದ, ಅಂದರೆ ವಿಮಾನ ಇಡುವ ಶೆಡ್ಡಿನಿಂದ, ಹೊರಗೇ ಬರಲಿಲ್ಲ. ಎರಡನೇ ಸಲ ಅಪ್ಪನನ್ನು ಕರೆದುಕೊಂಡು ಜೂನ್ ತಿಂಗಳ ಒಂದು ಸಂಜೆ ಹೋದೆ. ಆ ಸಂಜೆಯ ಅನುಭವದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಓಲ್ಡ್ ವಾರ್ಡನ್ ಲಂಡನ್ನಿನ ಉತ್ತರಕ್ಕಿರುವ ಬೆಡ್‌ಫೋರ್ಡ್‌ಶೈರಿನ ಒಂದು ಪುಟ್ಟ ಹಳ್ಳಿ. ಅಲ್ಲಿ ಶಟಲ್‌ವರ್ತ್ ಕಲೆಕ್ಷನ್ ಇದೆ. ರಿಚರ್ಡ್ ಶಟಲ್‌ವರ್ತ್ ಅನ್ನುವ ಶ್ರೀಮಂತ ಮನೆತನದ ಹುಡುಗ 1920-30ರ ದಶಕಗಳಲ್ಲಿ ಹಳೆಯ ಕಾರು, ಹಳೆಯ ವಿಮಾನ ಕೂಡಿಸಲು ಶುರು ಮಾಡಿದ. ಆಗ ಅವು ಯಾರಿಗೂ ಬೇಡವಾದ ಗುಜರಿ. 1940ರಲ್ಲಿ ವಾಯುಪಡೆಯಲ್ಲಿದ್ದಾಗ ವಿಮಾನ ಬಿದ್ದು ತೀರಿಕೊಂಡ. ಆಗ ಅವನಿಗೆ ಬರೀ 31 ವರ್ಷ. ಒಬ್ಬನೇ ಮಗನನ್ನು ಕಳೆದುಕೊಂಡ ತಾಯಿ ಡೊರೊಥಿ, 1944ರಲ್ಲಿ ಅವನ ಹೆಸರಿನಲ್ಲಿ ಟ್ರಸ್ಟ್ ಮಾಡಿದರು. ಆ ವಿಮಾನಗಳು ಇವತ್ತಿಗೂ ಹಾರುತ್ತಿರುವುದು ಆ ತಾಯಿಯಿಂದ. ಅಲ್ಲಿ ಕಾಲಿಡುವ ಮೊದಲು ಇಷ್ಟು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ.

ಹೋಗುವ ದಾರಿ ಸುಲಭ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಬಿಗಲ್ಸ್‌ವೇಡ್‌ಗೆ ನೇರ ರೈಲಿದೆ. ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ತಲುಪುತ್ತೀರಿ. ಅಲ್ಲಿಂದ ಕೆಲವೇ ಮೈಲಿ, ಆದರೆ ನಡೆಯುವ ದಾರಿಯಲ್ಲ. ಟ್ಯಾಕ್ಸಿಯೇ ಬೇಕು. ಹೋಗುವಾಗ ಸಿಗುತ್ತದೆ, ಬರುವಾಗ ಸುಮ್ನೆ ನಿಂತರೆ ಸಿಗುವುದಿಲ್ಲ. ಮೊದಲ ಸಲ ನಾನು ಕರೆದಿದ್ದ ಟ್ಯಾಕ್ಸಿ ಬರಲೇ ಇಲ್ಲ. ಕೊನೆಗೆ ಕಾರಿನಲ್ಲಿ ಹೊರಟಿದ್ದ ಒಬ್ಬ ಹಿರಿಯ ದಂಪತಿ ನನ್ನನ್ನು ಸ್ಟೇಷನ್‌ವರೆಗೆ ಬಿಟ್ಟರು. ಆದ್ದರಿಂದ ವಾಪಸ್ ಬರುವ ಟ್ಯಾಕ್ಸಿಯನ್ನು ಹಿಂದಿನ ದಿನವೇ ಮಾತಾಡಿಕೊಳ್ಳಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂಕಾಲರ ಮೇಲೆ. ಕೊನೆಯ ರೈಲಿನ ಸಮಯವನ್ನೂ ಬರೆದಿಟ್ಟುಕೊಳ್ಳಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಧೈರ್ಯ ಇದ್ದರೆ ಅದೇ ವಾಸಿ. ಶೋ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆನ್‌ಲೈನ್‌ನಲ್ಲಿ ಮೊದಲೇ ನೋಡಿ ಟಿಕೆಟ್ ಮಾಡಿಸಿಕೊಳ್ಳಿ.

ಮಡಚುವ ಕುರ್ಚಿ ಬೇಕೇ ಬೇಕು. ಅಲ್ಲಿರುವುದೆಲ್ಲ ಹುಲ್ಲು. ರನ್‌ವೇ ಕೂಡ ಹುಲ್ಲಿನದೇ. ಅಪ್ಪನಿಗೆ ಮೊಣಕಾಲು ನೋವು, ಕುರ್ಚಿ ಇಲ್ಲದಿದ್ದರೆ ಅಷ್ಟು ಹೊತ್ತು ಕೂರಲು ಆಗುತ್ತಿರಲಿಲ್ಲ. ಬೇಸಿಗೆ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ. ಎಂಟು ಗಂಟೆಯ ಮೇಲೆ ಹುಲ್ಲಿನಿಂದ ತಣ್ಣಗೆ ಏಳುತ್ತದೆ. ಮಳೆಗೊಂದು ಜಾಕೆಟ್, ಬಿಸಿಲಿಗೊಂದು ಟೋಪಿ, ಎರಡೂ ಒಂದೇ ದಿನ ಬೇಕಾಗಬಹುದು. ಮಕ್ಕಳಿದ್ದರೆ ಕಿವಿಗೆ ಹತ್ತಿ ಅಥವಾ ಇಯರ್‌ಮಫ್ ಇಟ್ಟುಕೊಳ್ಳಿ.

ಬೇಗ ಹೋಗಿ. ಹಾರಾಟ ಶುರುವಾಗುವ ಮೂರು ಗಂಟೆ ಮೊದಲಾದರೂ ಒಳಗಿರಿ. ಹ್ಯಾಂಗರುಗಳನ್ನು ನೋಡುವ ಹೊತ್ತು ಅದು. ಇಲ್ಲಿ ವಿಮಾನಗಳು ಎಷ್ಟು ಹತ್ತಿರ ಇರುತ್ತವೆ ಅಂದರೆ ರೆಕ್ಕೆಗೆ ಹೊದಿಸಿದ ಬಟ್ಟೆಯ ಹೊಲಿಗೆ ಕಾಣುತ್ತದೆ. 1909ರ ಬ್ಲೇರಿಯೋ ವಿಮಾನ ಇಲ್ಲೇ ಇದೆ. ಅದೇ ವರ್ಷ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೋ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದು ಇಂಥದ್ದೇ ವಿಮಾನದಲ್ಲಿ. ಮೂರು ಸಿಲಿಂಡರಿನ ಎಂಜಿನ್, ಮರದ ಚೌಕಟ್ಟು, ತಂತಿ, ಅಷ್ಟೇ. ತಿರುಗಲು ರೆಕ್ಕೆಯ ತುದಿಯಲ್ಲಿ ಬೇರೆ ಪಟ್ಟಿಗಳಿಲ್ಲ, ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚುತ್ತಾರೆ. ಅಪ್ಪ ಅದರ ಮುಂದೆ ಅರ್ಧ ಗಂಟೆ ನಿಂತರು. ಜೀವನವಿಡೀ ಡೀಸೆಲ್ ಎಂಜಿನ್ ರಿಪೇರಿ ಮಾಡಿದವರು ಅವರು.

ಹ್ಯಾಂಗರಿನಲ್ಲಿ ನಮ್ಮವರು ತಪ್ಪದೆ ಹುಡುಕಬೇಕಾದ ವಿಮಾನ ಒಂದಿದೆ. ಹೆಸರು ಕಾಂಪರ್ ಸ್ವಿಫ್ಟ್. ಕೆಂಪು ಬಣ್ಣದ, ಒಬ್ಬರೇ ಕೂರುವ ಪುಟಾಣಿ ವಿಮಾನ. ಇದು ಮೊದಲು ನೋಂದಣಿಯಾಗಿದ್ದು ಭಾರತದಲ್ಲಿ. ಅಲ್ಬನ್ ಅಲಿ ಅನ್ನುವ ಟೀ ತೋಟದವರು ಇದನ್ನು ಇಟ್ಟುಕೊಂಡಿದ್ದರು. 1933ರಲ್ಲಿ ದೆಹಲಿಯಲ್ಲಿ ನಡೆದ ವೈಸ್‌ರಾಯ್ ಕಪ್ ವಿಮಾನ ರೇಸಿನಲ್ಲಿ ಇದು ಇತ್ತು. ರಿಚರ್ಡ್ ಶಟಲ್‌ವರ್ತ್ ಕೂಡ ಅದೇ ರೇಸಿಗೆ ಇಂಥದ್ದೇ ಇನ್ನೊಂದು ವಿಮಾನದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಾರಿ ಬಂದಿದ್ದ. ಇದರ ಪಕ್ಕ ನಿಂತಾಗ ನನಗೆ ಮೈ ಜುಂ ಅಂದಿತು. ಇಷ್ಟೇ ಇಷ್ಟಿದೆ ಅಲ್ವಾ, ಇದರಲ್ಲಿ ಕೂತು ಇಷ್ಟು ದೂರ ಹೇಗೆ ಹೋದರು?

ಇನ್ನೊಂದು ಕೆಂಪು ವಿಮಾನ ಡಿ ಹ್ಯಾವಿಲಂಡ್ ಕಂಪನಿಯ ಕಾಮೆಟ್, ಎರಡು ಎಂಜಿನ್ನಿನದು. 1934ರ ಅಕ್ಟೋಬರ್ 20ರಂದು ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಹೊರಟು ಆಸ್ಟ್ರೇಲಿಯಾದ ಮೆಲ್ಬರ್ನ್‌ವರೆಗಿನ ರೇಸನ್ನು ಸುಮಾರು 71 ಗಂಟೆಯಲ್ಲಿ ಗೆದ್ದದ್ದು ಇದೇ ವಿಮಾನ. ಇಂಥದ್ದೇ ಅಂತಲ್ಲ, ಇದೇ. ಆ ರೇಸಿನಲ್ಲಿ ಎಲ್ಲರೂ ಇಳಿಯಲೇಬೇಕಾಗಿದ್ದ ಊರುಗಳಲ್ಲಿ ಅಲಹಾಬಾದ್ ಒಂದು. ಬೇರೆ ಕಡೆ ಯುದ್ಧ ವಿಮಾನಗಳನ್ನು ಎಷ್ಟೋ ನೋಡಬಹುದು. ಆದರೆ ಇಂಥ ಅಪರೂಪದ ಖಾಸಗಿ ವಿಮಾನಗಳಿಗಾಗಿಯೇ ಓಲ್ಡ್ ವಾರ್ಡನ್‌ಗೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೇ ಕಂಪನಿಯ ಡಿಎಚ್ 51 ಅಂತ ಒಂದಿದೆ, ಕಟ್ಟಿದ್ದೇ ಮೂರು, ಉಳಿದಿರುವುದು ಇದೊಂದೇ.

ಯುದ್ಧ ವಿಮಾನಗಳಲ್ಲಿ ಲೈಸಾಂಡರ್ ನೋಡಿ. ಎತ್ತರದ ರೆಕ್ಕೆ, ದಪ್ಪ ಚಕ್ರ, ಚಿಕ್ಕ ಜಾಗದಲ್ಲೂ ಇಳಿಯುತ್ತಿತ್ತು. ರಾತ್ರಿ ಬೆಳದಿಂಗಳಲ್ಲಿ ಫ್ರಾನ್ಸಿನ ಹೊಲಗಳಲ್ಲಿ ಗೂಢಚಾರರನ್ನು ಇಳಿಸುತ್ತಿದ್ದ ವಿಮಾನ ಇದು. 1942ರಲ್ಲಿ ಬರ್ಮಾದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್, ಮಜುಂದಾರ್ ಅವರ ನಾಯಕತ್ವದಲ್ಲಿ ಹಾರಿಸಿದ್ದೂ ಲೈಸಾಂಡರನ್ನೇ. ಹಾಕರ್ ಹೈಂಡ್ ಅನ್ನುವ ಜೋಡಿ ರೆಕ್ಕೆಯ (ಒಂದರ ಮೇಲೊಂದು ಎರಡು ರೆಕ್ಕೆ) ವಿಮಾನವಂತೂ ಅಫ್ಘಾನಿಸ್ತಾನದ ವಾಯುಪಡೆಯಲ್ಲಿತ್ತು. 1970ರಲ್ಲಿ ಅದನ್ನು ಕಾಬೂಲಿನಿಂದ ರಸ್ತೆ ಮೂಲಕ ಲಾರಿಯಲ್ಲಿ ತಂದರು.

ಎಲ್ಲಿ ಕೂರಬೇಕು? ಇಲ್ಲಿ ವಿಮಾನಗಳು ನೇರ ಗೆರೆಯಲ್ಲಿ ಹಾದು ಹೋಗುವುದಿಲ್ಲ. ಹಾರುವ ದಾರಿ ಜನರ ಮುಂದೆ ಬಾಗುತ್ತದೆ. ಹಾಗಾಗಿ ವಿಮಾನ ವಾಲಿಕೊಂಡು ತಿರುಗುವಾಗ ಅದರ ಬೆನ್ನು, ಎರಡೂ ರೆಕ್ಕೆಯ ಮೇಲ್ಭಾಗ, ಪೈಲಟ್‌ನ ತಲೆ ಎಲ್ಲ ಕಾಣುತ್ತದೆ. ಆ ಬಾಗುವ ಜಾಗಕ್ಕೆ ಹತ್ತಿರ ಕುರ್ಚಿ ಹಾಕಿ. ಇಂಗ್ಲೆಂಡಿನ ಬೇರೆ ಶೋಗಳಲ್ಲಿ ಹೆಚ್ಚಾಗಿ ಹೊಟ್ಟೆಯ ಭಾಗವೇ ಕಾಣುವುದು.

ಫೋಟೊ ತೆಗೆಯುವವರಿಗೆ ಒಂದು ಮಾತು. ಶಟರ್ ಜಾಸ್ತಿ ವೇಗಕ್ಕೆ ಇಟ್ಟರೆ ಪ್ರೊಪೆಲ್ಲರ್ ನಿಂತ ಹಾಗೆ ಕಾಣುತ್ತದೆ, ವಿಮಾನ ದಾರದಲ್ಲಿ ತೂಗಿಬಿಟ್ಟ ಆಟಿಕೆಯಂತಾಗುತ್ತದೆ. ಸೆಕೆಂಡಿನ 1/125 ರಿಂದ 1/250ರ ಒಳಗೆ ಇಟ್ಟು, ವಿಮಾನದ ಜೊತೆಗೇ ಕ್ಯಾಮೆರಾವನ್ನು ಸಮನಾಗಿ ತಿರುಗಿಸಿ. ಮೊದಲ ಐವತ್ತು ಫೋಟೊ ಅಲುಗುತ್ತವೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೆರಡು ಹಾರಾಟವನ್ನಾದರೂ ಕ್ಯಾಮೆರಾ ಕೆಳಗಿಟ್ಟು ನೋಡಿ.

ಹಳೆಯ ಮಿಲಿಟರಿ ಜೆಟ್‌ಗಳ ಆಸೆ ಇಟ್ಟುಕೊಂಡು ಹೋಗಬೇಡಿ. ಸದ್ದಿಲ್ಲದೆ ಮರೆಯಾಗುತ್ತಿರುವುದು ಅವೇ. ವಲ್ಕನ್ ಬಾಂಬರ್ 2015ರ ಅಕ್ಟೋಬರಿನಲ್ಲಿ ಕೊನೆಯ ಸಲ ಹಾರಿತು. ಅದೇ ವರ್ಷದ ಆಗಸ್ಟಿನಲ್ಲಿ ಶೋರ್‌ಹ್ಯಾಮ್‌ನಲ್ಲಿ ಏರ್ ಶೋ ನಡೆಯುತ್ತಿದ್ದಾಗ ಹಂಟರ್ ಜೆಟ್ ರಸ್ತೆಯ ಮೇಲೆ ಬಿದ್ದು 11 ಜನ ಸತ್ತರು. ಆಮೇಲೆ ನಿಯಮಗಳು ಬಿಗಿಯಾದವು. ಜನರಿಂದ ವಿಮಾನ ಇಷ್ಟು ದೂರ ಯಾಕೆ ಅಂತ ಅನ್ನಿಸಿದಾಗ ಆ 11 ಜನರನ್ನು ನೆನೆಯಿರಿ.

ಈಗ ಆ ಸಂಜೆಗೆ ಬರುತ್ತೇನೆ.

ಆರು ಗಂಟೆಗೆ ಇನ್ನೂ ಗಾಳಿ ಇತ್ತು. ಗಾಳಿ ಎಷ್ಟಿದೆ ಅಂತ ತೋರಿಸುವ ಗಾಳಿಚೀಲ ಅರ್ಧ ಉಬ್ಬಿತ್ತು. ಮೊದಲು ಹಾರಿದ್ದು ಎರಡನೇ ಮಹಾಯುದ್ಧದ ವಿಮಾನಗಳು. ಸ್ಪಿಟ್‌ಫೈರ್ ಮತ್ತು ಸೀ ಹರಿಕೇನ್ ಜೊತೆಜೊತೆಯಾಗಿ ಬಂದಾಗ ಎರಡು ಮರ್ಲಿನ್ ಎಂಜಿನ್ನುಗಳ ಸದ್ದು ಎದೆಯೊಳಗೇ ಕೇಳಿಸಿತು. ಒಂದೊಂದರ ಸಾಮರ್ಥ್ಯ 27 ಲೀಟರ್, 12 ಸಿಲಿಂಡರ್. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಗ್ಲಾಡಿಯೇಟರ್ ಬಂತು, ಬ್ರಿಟಿಷ್ ವಾಯುಪಡೆಯ ಕೊನೆಯ ಜೋಡಿ ರೆಕ್ಕೆಯ ಫೈಟರ್. ಏಳೂವರೆಯ ಹೊತ್ತಿಗೆ ಪಕ್ಕದ ಕೆಲವರು ಕುರ್ಚಿ ಮಡಚಿ ಹೊರಟರು. ಅವರಿಗೆ ಸ್ಪಿಟ್‌ಫೈರ್ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ನಾವು ಕೂತೆವು.

ಆಮೇಲೆ ಮೊದಲ ಮಹಾಯುದ್ಧದ ವಿಮಾನಗಳು. ಆವ್ರೋ 504 ಶುರುವಾದಾಗ ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಎಂಜಿನ್ನೇ ತಿರುಗ್ತಾ ಇದೆಯಲ್ಲೋ!"

ಹೌದು. ರೋಟರಿ ಎಂಜಿನ್ ಅಂದರೆ ಅದೇ. ಕ್ರ್ಯಾಂಕ್‌ಶಾಫ್ಟ್ ಅನ್ನುವ ನಡುವಿನ ದಂಡ ವಿಮಾನದ ಮೈಗೆ ಬಿಗಿದಿರುತ್ತದೆ. ಸಿಲಿಂಡರುಗಳೆಲ್ಲ ಸೇರಿ ಇಡೀ ಎಂಜಿನ್ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುತ್ತದೆ. ತಿರುಗುತ್ತಲೇ ಗಾಳಿಗೆ ತಣ್ಣಗಾಗುತ್ತದೆ. ಇಳಿಯುವಾಗ ಪೈಲಟ್ ಬಟನ್ ಒತ್ತಿ ಒತ್ತಿ ಇಗ್ನಿಷನ್, ಅಂದರೆ ಎಂಜಿನ್ನಿನ ಕಿಡಿ, ಕಡಿಯುತ್ತಾರೆ, ಬರ್ರ್, ಬರ್ರ್ ಅಂತ ಬಿಟ್ಟು ಬಿಟ್ಟು ಸದ್ದು. ಎಂಜಿನ್ನಿಗೆ ಹಾಕುವ ಎಣ್ಣೆ ಒಂದೇ ಸಲ ಹಾದು ಹೊಗೆಯ ಜೊತೆ ಹೊರಗೆ ಬಂದುಬಿಡುತ್ತದೆ. ಅದು ಪೆಟ್ರೋಲಿನಲ್ಲಿ ಕರಗದ ಎಣ್ಣೆಯೇ ಆಗಿರಲೇಬೇಕು. ಆ ಹೊಗೆ ನಮ್ಮ ಕಡೆ ತೇಲಿ ಬಂದಾಗ ಅಪ್ಪ ಮೂಸಿ ನೋಡಿ, "ಇದು ಹರಳೆಣ್ಣೆ ಕಣೋ" ಅಂದರು. ಹರಳೆಣ್ಣೆಯೇ! ಅಜ್ಜಿ ನಮ್ಮ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ನಾನು ಪುಸ್ತಕದಲ್ಲಿ ಓದಿದ್ದೆ, ಅಪ್ಪ ಮೂಗಿನಲ್ಲೇ ಹಿಡಿದರು.

ಎಂಟೂವರೆ ಕಳೆಯಿತು. ಗಾಳಿಚೀಲ ನಿಧಾನಕ್ಕೆ ಜೋತು ಬಿತ್ತು. ಮೈಕಿನವರು ಏನೂ ಹೇಳಲಿಲ್ಲ, ಆದರೂ ಜನರೆಲ್ಲ ಒಂದೇ ಕಡೆ ನೋಡತೊಡಗಿದರು. ನಾಲ್ಕೈದು ಮಂದಿ ಬ್ಲ್ಯಾಕ್‌ಬರ್ನ್ ಮಾನೋಪ್ಲೇನನ್ನು (ಒಂದೇ ಅಂತಸ್ತಿನ ರೆಕ್ಕೆಯ ವಿಮಾನ) ಹುಲ್ಲಿನ ಮೇಲೆ ತಳ್ಳಿಕೊಂಡು ಬಂದರು. 1912ರಲ್ಲಿ ಕಟ್ಟಿದ್ದು. ಬ್ರಿಟನ್ನಿನಲ್ಲಿ ಕಟ್ಟಿದ ವಿಮಾನಗಳಲ್ಲಿ ಇನ್ನೂ ಹಾರಬಲ್ಲ ಅತಿ ಹಳೆಯದು ಇದೇ. ಎಂಜಿನ್ 50 ಅಶ್ವಶಕ್ತಿ, ಈಗಿನ ಸಣ್ಣ ಕಾರಿಗಿಂತ ಕಡಿಮೆ. ಬ್ರೇಕ್ ಇಲ್ಲ. ಎಂಜಿನ್ ಶುರುವಾದ ಮೇಲೆ ಅದನ್ನು ಜನರೇ ಹಿಡಿದುಕೊಂಡು ನಿಲ್ಲಬೇಕು. ಪೈಲಟ್ ಕೈ ಎತ್ತಿದರು. ಹಿಡಿದವರು ಬಿಟ್ಟರು. ಸ್ವಲ್ಪ ದೂರ ಓಡಿ, ಹುಲ್ಲು ಬಿಟ್ಟು ಎದ್ದಿತು. ಎಷ್ಟು ನಿಧಾನ ಅಂದರೆ ಆಕಾಶದಲ್ಲಿ ನಿಂತೇಬಿಟ್ಟಿದೆ ಅನ್ನಿಸುತ್ತಿತ್ತು. ಇಳಿಬಿಸಿಲು ರೆಕ್ಕೆಯ ಬಟ್ಟೆಯ ಮೂಲಕ ಹಾದು ಒಳಗಿನ ಮರದ ಪಕ್ಕೆಲುಬುಗಳು ಒಂದೊಂದೂ ಕಾಣುತ್ತಿದ್ದವು. ಅಷ್ಟು ಜನ ಇದ್ದರೂ ಯಾರೂ ಮಾತಾಡಲಿಲ್ಲ.

ಇದು ಎಲ್ಲ ಸಂಜೆಯೂ ಆಗುವುದಿಲ್ಲ. ಸಂಜೆಯ ಶೋ ಅಂದರೂ ಗಾಳಿ ನಿಲ್ಲದಿದ್ದರೆ ಇವನ್ನು ಹೊರಗೆ ತರುವುದಿಲ್ಲ, ತರಲೂಬಾರದು. ಹಾಗಾಗಿ ಸಾಧ್ಯವಾದರೆ ಪ್ರವಾಸದಲ್ಲಿ ಎರಡು ಶೋಗಳಿಗೆ ಜಾಗ ಇಟ್ಟುಕೊಳ್ಳಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಡಕ್ಸ್‌ಫರ್ಡ್‌ಗೆ ಹೋಗಿ. ಕೇಂಬ್ರಿಜ್ ಹತ್ತಿರ, ಲಿವರ್‌ಪೂಲ್ ಸ್ಟ್ರೀಟ್‌ನಿಂದ ವಿಟಲ್ಸ್‌ಫರ್ಡ್ ಪಾರ್ಕ್‌ವೇಗೆ ರೈಲು. 1938ರ ಆಗಸ್ಟಿನಲ್ಲಿ ಸ್ಪಿಟ್‌ಫೈರ್ ಮೊದಲು ಸೇವೆಗೆ ಸೇರಿದ್ದು ಇಲ್ಲಿನ 19ನೇ ಸ್ಕ್ವಾಡ್ರನ್ನಿಗೆ. ಪ್ರಯಾಣಿಕ ವಿಮಾನಗಳ ಸಾಲು ಇಲ್ಲಿ ತುಂಬಾ ಚೆನ್ನಾಗಿದೆ: ಕಾನ್ಕಾರ್ಡ್, ವೈಕೌಂಟ್, ವಿಸಿ10, ಮತ್ತು 1958ರ ಅಕ್ಟೋಬರ್ 4ರಂದು ಜೆಟ್ ವಿಮಾನದಲ್ಲಿ ಅಟ್ಲಾಂಟಿಕ್ ದಾಟುವ ಪ್ರಯಾಣಿಕ ಸೇವೆ ಶುರುವಾದಾಗ ಹಾರಿದ ಎರಡು ಕಾಮೆಟ್‌ಗಳಲ್ಲಿ ಒಂದು. ರೇಸ್ ಗೆದ್ದ ಕಾಮೆಟ್ ಬೇರೆ, ಈ ಜೆಟ್ ಕಾಮೆಟ್ ಬೇರೆ. ಶೋ ದಿನ ಜನ ಮುಖ ಮಾಡುವುದು ದಕ್ಷಿಣಕ್ಕೆ, ಹಾಗಾಗಿ ಹೆಚ್ಚು ಹೊತ್ತು ಬಿಸಿಲು ಕ್ಯಾಮೆರಾಕ್ಕೆ ಎದುರು. ಶೋ ಇಲ್ಲದ ದಿನ ಹೋದರೆ ವಿಮಾನಗಳನ್ನು ಆರಾಮಾಗಿ ನೋಡಬಹುದು.

ಓಲ್ಡ್ ವಾರ್ಡನ್‌ನಲ್ಲಿ ಕೊನೆಯ ವಿಮಾನ ಇಳಿದ ಮೇಲೂ ಹದಿನೈದು ನಿಮಿಷ ನಿಲ್ಲಿ. ಟ್ಯಾಕ್ಸಿಗೆ ಅದಕ್ಕೆ ತಕ್ಕ ಹಾಗೆ ಸಮಯ ಹೇಳಿರಿ. ಆ ಸಂಜೆ ಬೇಲಿಯ ಆಚೆ ಮೆಕ್ಯಾನಿಕ್‌ಗಳು ಆವ್ರೋ ವಿಮಾನದ ಹೊಟ್ಟೆಗೆ ಮೆತ್ತಿದ್ದ ಹರಳೆಣ್ಣೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅಪ್ಪ ಬೇಲಿ ಹಿಡಿದು ನೋಡುತ್ತಾ ನಿಂತಿದ್ದರು. ಅವರಲ್ಲೊಬ್ಬರು ಇದನ್ನು ಗಮನಿಸಿ ಹತ್ತಿರ ಬಂದು, ಎಣ್ಣೆಯಾಗಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಪ್ಪನ ಕೈ ಕುಲುಕಿದರು. ರೈಲಿನಲ್ಲಿ ಲಂಡನ್ ಬರುವವರೆಗೂ ಅಪ್ಪ ಆ ಕೈ ತೊಳೆಯಲಿಲ್ಲ.