ಪ್ಯಾಚ್ ಹಾಕುವಾಗ -ಪಿ1 ಯಾಕೆ?
ಟೀಮಿಗೆ ಹೊಸದಾಗಿ ಸೇರಿದವರು ಇವತ್ತು ಇದನ್ನೇ ಕೇಳಿದರು. ಒಳ್ಳೇ ಪ್ರಶ್ನೆ. ಬೇರೆಯವರು ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ಪಟ್ಟಿಯನ್ನು (ಅದೇ ಡಿಫ್) ನಮ್ಮ ಫೈಲ್‌ಗಳಿಗೆ ಹಾಕುವ ಪ್ರೋಗ್ರಾಂ ಪ್ಯಾಚ್; -ಪಿ1 ಅದಕ್ಕೆ ಕೊಡುವ ಒಂದು ಆಯ್ಕೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕೊಡುವ ಡಿಫ್‌ನಲ್ಲಿ ಫೈಲ್ ದಾರಿ 'ಎ/ಲಿಬ್/ಮೇನ್.ಸಿ' ಅಂತ ಇರುತ್ತದೆ. ಆ 'ಎ' ಅನ್ನೋ ಫೋಲ್ಡರ್ ನಮ್ಮ ಡಿಸ್ಕ್‌ನಲ್ಲಿ ಇರುವುದೇ ಇಲ್ಲ. ಮೊದಲ ಸ್ಲ್ಯಾಶ್‌ವರೆಗಿನದನ್ನು ಬಿಟ್ಟು ಮಿಕ್ಕಿದ್ದನ್ನು ಹುಡುಕು ಅಂತ ಹೇಳೋದೇ -ಪಿ1. -ಪಿ0 ಅಂದರೆ ದಾರಿಯನ್ನು ಇದ್ದ ಹಾಗೇ ತಗೋ ಅಂತ. ಏನೂ ಕೊಡದಿದ್ದರೆ ಪ್ಯಾಚ್ ಫೋಲ್ಡರ್‌ಗಳನ್ನೆಲ್ಲ ಬಿಟ್ಟು ಬರೀ ಫೈಲ್ ಹೆಸರು ನೋಡುತ್ತದೆ. ಪ್ರತಿ ಫೋಲ್ಡರ್‌ನಲ್ಲೂ ಮೇಕ್‌ಫೈಲ್ ಅಂತ ಒಂದೇ ಹೆಸರಿನ ಫೈಲ್ ಇರುವ ಕಡೆ ಇದು ಅಪಾಯ, ಅಲ್ವಾ?

ಪ್ರೋಗ್ರಾಮರ್ ಲ್ಯಾರಿ ವಾಲ್ 1985ರಲ್ಲಿ ಹಂಚಿದ ಪ್ರೋಗ್ರಾಂ ಈ ಪ್ಯಾಚ್. ಕಳಿಸುವವರ ಫೋಲ್ಡರ್ ಬೇರೆ, ನಮ್ಮದು ಬೇರೆ. ಆದರೂ ಕೆಲಸ ನಡೆಯುತ್ತದಲ್ಲ, ಅದು ನನಗೆ ತುಂಬಾ ಇಷ್ಟ.

ಅನುಮಾನ ಇದ್ದರೆ ಮೊದಲು --ಡ್ರೈ-ರನ್ ಕೊಡಿ. ಫೈಲನ್ನು ಮುಟ್ಟದೆ, ಬದಲಾವಣೆ ಸರಿಯಾಗಿ ಕೂರುತ್ತದೋ ಇಲ್ಲವೋ ಹೇಳುತ್ತದೆ.